ಹಾಲಿನ ತೊಟ್ಟಿಯೂ ಅದರ ಉಷ್ಣಸೂಚಿಯೂ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆದರೆಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಇದು ಹಳೆಯ ಕಾಲದ ನಾಟಿ ಚಿಕಿತ್ಸೆಗೆ ಮಾತ್ರ ಸಲ್ಲತಕ್ಕ ಮಾತೆಂದು ನಾವು ಭಾವಿಸಿದ್ದೆವು. ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರಗಳ ವಿಷಯದಲ್ಲಿಯೂ ಅದು ಅಷ್ಟೇ ನಿಜವೆಂಬುದನ್ನು ಕಳೆದ ಬೇಸಗೆಯಲ್ಲಿ ಕಣ್ಣಾರೆ ಕಂಡೆವು. ಆ ಸಂಗತಿಯನ್ನೂ, ಅದರಿಂದ ಗೃಹಸ್ಥರು ತಿಳಿದುಕೊಳ್ಳಬಹುದಾದ ಕೆಲವು ಸುಲಭ ಪರೀಕ್ಷೆಗಳನ್ನೂ ಈ ತಿಂಗಳು ಇಲ್ಲಿ ನಿವೇದಿಸುವೆವು.

ತುಮಕೂರು ಜಿಲ್ಲೆಯ ಬಡಗಣ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಭಾಗ್ಯಶಾಲಿಗಳಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ಸೀಮೆಯಲ್ಲಿ ಹರಿಯುವುದಾದರೂ, ವರ್ಷದ ಬಹುಭಾಗ ಅಲ್ಲಿ ಕಾಣುವುದು ಮರಳಿನ ಹಾಸೇ ಹೊರತು ನೀರಲ್ಲ. ಶಿರಾ ಪಾವಗಡಗಳ ಹೊಲಗಳಲ್ಲಿ ನೆಲಗಡಲೆಯನ್ನು ಬಿತ್ತಿದ ರೈತನು ಆಕಾಶವನ್ನು ನೋಡುತ್ತ ಕೂಡಬೇಕು. ಪಾವಗಡದ ತಿರುಮಣಿಯ ಸುತ್ತಲಿನ ಊರುಗಳಲ್ಲಂತೂ ಬಿಸಿಲನ್ನೇ ಒಂದು ಬೆಳೆಯನ್ನಾಗಿ ಮಾಡಿಕೊಂಡು, ೨೦೧೮ರಲ್ಲಿ ಆರಂಭವಾದ ಸೌರವಿದ್ಯುತ್ ಕ್ಷೇತ್ರದಲ್ಲಿ ೨೦೫೦ ಮೆಗಾವಾಟಿನಷ್ಟು ಶಕ್ತಿಯನ್ನು ಉತ್ಪಾದಿಸುವ ಏರ್ಪಾಟು ನಡೆದಿರುವುದು. ಇಂಥ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷವೂ ಮನೆಯ ಒಲೆಯನ್ನು ಆರದಂತೆ ಕಾಯತಕ್ಕುದು ಹಿತ್ತಿಲಿನ ಹಸುವೊಂದೇ. ೧೯೭೪ರಲ್ಲಿ ಕರ್ನಾಟಕದ ಹೈನು ಅಭಿವೃದ್ಧಿ ಕಾರ್ಪೊರೇಷನ್ನು ಸ್ಥಾಪಿತವಾಗಿ, ೧೯೮೪ರಲ್ಲಿ ಅದರ ಕಾರ್ಯವು ಹಾಲು ಮಹಾಮಂಡಲಕ್ಕೆ ಬಂದಂದಿನಿಂದ, ಎರಡು ಹೊತ್ತು ಹಾಲಳೆದು ದುಡ್ಡು ಪಡೆಯುವುದು ನಮ್ಮ ಹಳ್ಳಿಗಳಲ್ಲಿ ಬೇಸಾಯದಷ್ಟೇ ಸಹಜವಾಗಿ ಬೇರೂರಿದೆ.

ಆದರೆ ಯಾವ ಬಿಸಿಲು ದೀಪವನ್ನು ಹಚ್ಚುವುದೋ ಅದೇ ಬಿಸಿಲು ಹಾಲಿಗೆ ವೈರಿ. ಕರೆದ ಹಾಲಿನ ಶಾಖವು ಸುಮಾರು ೩೭ ಡಿಗ್ರಿ ಸೆಂಟಿಗ್ರೇಡ್ ಇರುವುದು. ಹಾಲಿನಲ್ಲಿ ಸೇರಿಕೊಂಡ ಸೂಕ್ಷ್ಮಜೀವಿಗಳಿಗೆ ಇದು ಹಬ್ಬದ ಊಟದಂತೆ. ಅವುಗಳಲ್ಲಿ ಎಷ್ಟೋ ಜಾತಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಲೆಕ್ಕ ಹಾಕಿ ನೋಡಿರಿ: ಅರ್ಧ ಗಂಟೆಗೆ ಇಮ್ಮಡಿಯೆಂದರೆ, ಒಂದು ಇದ್ದದ್ದು ಐದು ಗಂಟೆಗಳಲ್ಲಿ ಸಾವಿರವನ್ನು ಮೀರುವುದು. ಆದಕಾರಣ ಹಾಲನ್ನು ಶೀಘ್ರವಾಗಿ ೪ ಡಿಗ್ರಿಗೆ ಇಳಿಸಿ ಅಲ್ಲಿಯೇ ನಿಲ್ಲಿಸಬೇಕು. ತಂಪು ಆ ಜೀವಿಗಳನ್ನು ಕೊಲ್ಲುವುದಿಲ್ಲ. ಅವುಗಳ ವೃದ್ಧಿಯನ್ನು ತಡೆದು ನಿಲ್ಲಿಸುವುದು, ಅಷ್ಟೆ. ಹಳ್ಳಿಗಳಲ್ಲಿ ಇಟ್ಟಿರುವ ದೊಡ್ಡ ಶೀತಲ ತೊಟ್ಟಿಗಳ ಉದ್ದೇಶವೆಲ್ಲವೂ ಇದೇ.

ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ದಾರಿಯ ಆಚೀಚೆ ಇರುವ ಒಂದು ಹಳ್ಳಿಯಲ್ಲಿ, ಊರವರು ಕೆಲವರು ಕೂಡಿ ನಡೆಸುವ ಹಾಲಿನ ಕೇಂದ್ರವೊಂದುಂಟು. ಊರಿನ ಹೆಸರು ಇಲ್ಲಿ ಅನಗತ್ಯ. ನಮ್ಮ ಬಂಧುಗಳ ಮನೆಗೆ ನಾವು ಹೋಗಿದ್ದ ಸಮಯಕ್ಕೆ ಆ ಊರಿನಲ್ಲಿ ದೊಡ್ಡ ಗಲಭೆಯಾಗುತ್ತಿತ್ತು. ಒಂದು ವಾರದಲ್ಲಿ ಎರಡು ಸಲ ತೊಟ್ಟಿಯ ಹಾಲು ಕಾಯಿಸಿದ ಕೂಡಲೆ ಒಡೆದು ಹೋಗಿ, ಕೊಳ್ಳುವವರು ಅದನ್ನು ತಿರಸ್ಕರಿಸಿದ್ದರು. ಎರಡು ಹಸುಗಳ ಹಾಲಿನಿಂದಲೇ ಮಕ್ಕಳ ಶಾಲೆಯ ಖರ್ಚನ್ನು ನಡೆಸುತ್ತಿದ್ದ ಹೆಂಗಸೊಬ್ಬಳು ನಮ್ಮೆದುರಿಗೇ ಕಣ್ಣೊರೆಸಿಕೊಂಡಳು. ತೊಟ್ಟಿಯ ಮುಂದಿನ ಪೆಟ್ಟಿಗೆಯಲ್ಲಿ ಕೆಂಪಕ್ಷರಗಳು ೪ ಡಿಗ್ರಿಯೆಂದೇ ತೋರಿಸುತ್ತಿದ್ದುವು. ಯಂತ್ರ ಸರಿಯಾಗಿದೆ, ತಂಪು ಸರಿಯಾಗಿದೆ. ಹಾಗಾದರೆ ತಪ್ಪು ಯಾರದು? ತೊಟ್ಟಿಯನ್ನು ತೊಳೆಯುವ ಹುಡುಗನದು! ಅವನು ಸೋಮಾರಿ, ಬಿಸಿನೀರು ಹಾಕಿ ತಿಕ್ಕುವುದಿಲ್ಲ, ಹಳೆಯ ಹಾಲಿನ ಜಿಡ್ಡನ್ನು ಒಳಗೇ ಬಿಟ್ಟಿದ್ದಾನೆ ಎಂದು ಹಿರಿಯರು ತೀರ್ಮಾನಿಸಿ, ಮಾರನೆಯ ದಿನವೇ ಅವನನ್ನು ಕೆಲಸದಿಂದ ಬಿಡಿಸುವುದೆಂದು ನಿಶ್ಚಯಿಸಿದ್ದರು.

ನಮ್ಮೊಡನೆ ಬಂದಿದ್ದ ಮಿತ್ರರೊಬ್ಬರು ಶೀತಯಂತ್ರಗಳ ಕೆಲಸದಲ್ಲಿ ಬಹುಕಾಲ ಪಳಗಿದವರು. ಅವರು ಆ ಹುಡುಗನನ್ನು ಕರೆದು, ಗದರಿಸದೆ, ಒಂದೇ ಪ್ರಶ್ನೆಯನ್ನು ಕೇಳಿದರು: “ತೊಟ್ಟಿಯನ್ನು ತೊಳೆದು ಬರಿದುಮಾಡಿದ ಮೇಲೆ, ಯಂತ್ರ ನಿಂತಿರುವಾಗ, ಮಧ್ಯಾಹ್ನ ಆ ಪೆಟ್ಟಿಗೆ ಎಷ್ಟು ತೋರಿಸುತ್ತದೆ?” ಹುಡುಗನು ತಡೆಯದೆ, “ಹದಿನೆಂಟು ತೋರಿಸುತ್ತದೆ ಸ್ವಾಮಿ, ಮುಂಚೆ ಮೂವತ್ತರ ಮೇಲೆ ತೋರಿಸುತ್ತಿತ್ತು” ಎಂದನು. ಚೈತ್ರಮಾಸದ ನಡುಹಗಲು, ಆ ಕೋಣೆಯೊಳಗೆ ೩೪ ಡಿಗ್ರಿ ಶಾಖ. ಬರಿದಾದ ತೊಟ್ಟಿಯೊಂದು ಅಂಥ ಕೋಣೆಯಲ್ಲಿ ೧೮ ಡಿಗ್ರಿ ಇರುವುದೆಂತು? ಅಪರಾಧಿಯೆಂದು ಹೆಸರು ಹೊತ್ತವನ ಬಾಯಿಂದಲೇ ಅಪರಾಧದ ಸುಳಿವು ಹೊರಟಿತು. ಅವನು ದಿನವೂ ಅದನ್ನು ನೋಡುತ್ತಿದ್ದನು. ಆದರೆ ಅವನನ್ನು ಯಾರೂ ಕೇಳಿರಲಿಲ್ಲ.

ಇನ್ನು ಆ ಪೆಟ್ಟಿಗೆಯು ತಂಪನ್ನು ಅರಿಯುವ ಬಗೆಯನ್ನು ಹೇಳುವೆವು. ತೊಟ್ಟಿಯ ಗೋಡೆಯಲ್ಲಿ ಒಂದು ಕಿರಿದಾದ ಕೊಳವೆಯೊಳಗೆ, ಕಿರುಬೆರಳಿಗಿಂತ ಸಣ್ಣದಾದ ಲೋಹದ ತುದಿಯೊಂದನ್ನು ತೂರಿಸಿರುವರು. ಅಂಗಡಿಯವರು ಸೆನ್ಸರ್ ಎಂದು ಕರೆಯುವ ಉಷ್ಣಸೂಚಿಯು ಇದೇ. ಅದರೊಳಗೆ ಥರ್ಮಿಸ್ಟರ್ ಎಂಬ ಒಂದು ಕಾಳಿನಷ್ಟು ವಸ್ತುವಿರುವುದು. ಲೋಹದ ತಂತಿಯು ಬಿಸಿಯಾದಂತೆಲ್ಲ ವಿದ್ಯುತ್ತಿಗೆ ಹೆಚ್ಚು ತಡೆಯನ್ನೊಡ್ಡುವುದು. ಈ ಕಾಳಾದರೋ ಅದಕ್ಕೆ ತಿರುಗುಮುರುಗು. ಬಿಸಿಯಾದರೆ ಇದರ ತಡೆ ಇಳಿಯುವುದು, ತಣಿದರೆ ಏರುವುದು. ಈ ಗುಣವನ್ನು ೧೮೩೩ರಲ್ಲಿಯೇ ಮೈಕೇಲ್ ಫ್ಯಾರಡೇ ಎಂಬ ಪ್ರಸಿದ್ಧ ವಿಜ್ಞಾನಿಯು ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದನು. ಈಗ ಶೀತಯಂತ್ರಗಳಲ್ಲಿ ಬಹು ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರಿನ ತಡೆಯು ೨೫ ಡಿಗ್ರಿಯಲ್ಲಿ ೧೦ ಸಾವಿರ ಓಮ್, ೪ ಡಿಗ್ರಿಯಲ್ಲಿ ಸುಮಾರು ೨೩ ಸಾವಿರ, ಸೊನ್ನೆಯಲ್ಲಿ ಸುಮಾರು ೨೭ ಸಾವಿರ ಓಮ್ ಇರುವುದು. ಕಂಟ್ರೋಲರ್ ಎಂಬ ನಿಯಂತ್ರಕದ ಪೆಟ್ಟಿಗೆಗೆ ಹಾಲೂ ತಿಳಿಯದು, ತಂಪೂ ತಿಳಿಯದು. ತಂತಿಯ ತುದಿಯಲ್ಲಿ ಎಷ್ಟು ತಡೆಯಿದೆಯೆಂಬುದನ್ನು ಮಾತ್ರ ಅದು ಅಳೆದು, ತನ್ನೊಳಗಿನ ಕೋಷ್ಟಕವನ್ನು ನೋಡಿ, ಡಿಗ್ರಿಯ ಲೆಕ್ಕದಲ್ಲಿ ಹೇಳುವುದು. ೨೩ ಸಾವಿರ ಕಂಡಿತೆಂದರೆ ೪ ಡಿಗ್ರಿಯಾಯಿತೆಂದು ತಿಳಿದು ಕಂಪ್ರೆಸರನ್ನು ನಿಲ್ಲಿಸಿಬಿಡುವುದು. ಆ ತಡೆಯು ಕಾಳಿನದೋ, ದಾರಿಯಲ್ಲಿ ಬೇರೆಲ್ಲಿಂದಲೋ ಬಂದು ಸೇರಿದ್ದೋ ಎಂಬ ವಿವೇಚನೆ ಅದಕ್ಕಿಲ್ಲ.

ಸೂಚಿಯ ತಂತಿ ಪೂರ್ತಿಯಾಗಿ ತುಂಡಾದರೆ, ಅಥವಾ ಎರಡು ತಂತಿಗಳು ಪೂರ್ತಿಯಾಗಿ ಕೂಡಿಕೊಂಡರೆ, ಪೆಟ್ಟಿಗೆಯು ಅಂಕಿಯ ಬದಲು ಯಾವುದಾದರೊಂದು ಅಕ್ಷರಸಂಕೇತವನ್ನು ತೋರಿಸಿ ಕೂಗಿಕೊಳ್ಳುವುದು. ಅಂಥ ಸಮಯದಲ್ಲಿ ಅನೇಕ ಯಂತ್ರಗಳು ಕುರುಡರಂತೆ ಇಂತಿಷ್ಟು ನಿಮಿಷ ಓಡಿ ಇಂತಿಷ್ಟು ನಿಮಿಷ ನಿಲ್ಲುತ್ತ ಹೇಗೋ ಕಾಲ ತಳ್ಳುವುವು. ಇದು ತಾತ್ಕಾಲಿಕವಾದ ಏರ್ಪಾಟೆಂಬುದನ್ನು ಮರೆತು ವಾರಗಟ್ಟಲೆ ಬಿಡಬಾರದು. ಆದರೂ ಇಂಥ ಕೇಡು ಕಣ್ಣಿಗೆ ಕಾಣುವುದರಿಂದ ಅದರ ಭಯ ಅಷ್ಟಾಗಿಲ್ಲ. ಭಯಪಡಬೇಕಾದದ್ದು ಅರೆಕೆಟ್ಟ ಸೂಚಿಗೆ. ಅದು ಯಾವ ಕೂಗನ್ನೂ ಹಾಕದೆ, ನಂಬತಕ್ಕ ಅಂಕಿಯನ್ನೇ ತೋರಿಸುತ್ತ, ಸುಳ್ಳು ಹೇಳುತ್ತಿರುವುದು. ಮೂಕ ಸಾಕ್ಷಿಗಿಂತ ಸುಳ್ಳು ಸಾಕ್ಷಿಯೇ ಕೇಡಲ್ಲವೆ?

ನಮ್ಮ ಮಿತ್ರರು ಮಾಡಿದ ಪರೀಕ್ಷೆಗಳನ್ನು ಕ್ರಮವಾಗಿ ಹೇಳುವೆವು; ವಾಚಕರು ಇವುಗಳ ಕ್ರಮವನ್ನು ಗಮನಿಸಬೇಕು.

ಮೊದಲನೆಯದು, ಬೇರೊಂದು ಉಷ್ಣಮಾಪಕದಿಂದ ಹಾಲನ್ನೇ ಅಳೆಯುವುದು. ತೊಟ್ಟಿಯ ಹಾಲನ್ನು ಚೆನ್ನಾಗಿ ಕಲಕಿಸಿ, ಒಂದು ಚೊಂಬಿನಷ್ಟನ್ನು ತೆಗೆದು, ಕೂಡಲೆ ಅಳೆದರು. ಪೆಟ್ಟಿಗೆಯು ೪ ಎನ್ನುತ್ತಿರಲು ಹಾಲು ೧೧ ಡಿಗ್ರಿ ಇದ್ದಿತು. ಗಾಜಿನ ಉಷ್ಣಮಾಪಕವನ್ನು ತೊಟ್ಟಿಯೊಳಗೆ ಎಂದಿಗೂ ಇಳಿಸಬಾರದು, ಒಡೆದರೆ ಅನಾಹುತ. ಜ್ವರ ನೋಡುವ ಕಡ್ಡಿಯೂ ಈ ಕೆಲಸಕ್ಕೆ ಬಾರದು. ಅದರ ಗೆರೆಗಳು ಮೈಶಾಖದ ಆಸುಪಾಸಿನಲ್ಲಿಯೇ ಮೊದಲಾಗಿ ಅಲ್ಲಿಯೇ ಮುಗಿಯುವುವು.

ಎರಡನೆಯದು, ಮಂಜುಗಡ್ಡೆಯ ಪರೀಕ್ಷೆ. ಪೇಟೆಯಿಂದ ಮಂಜುಗಡ್ಡೆಯನ್ನು ತರಿಸಿ, ಕುಟ್ಟಿ ಪುಡಿಮಾಡಿ, ಒಂದು ಪಾತ್ರೆಯಲ್ಲಿ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರನ್ನು ಹಾಕಿದರು. ಸೂಚಿಯನ್ನು ಕೊಳವೆಯಿಂದ ಹೊರತೆಗೆದು, ಅದರ ಲೋಹದ ತುದಿಯನ್ನು ನಡುವೆ ಮುಳುಗಿಸಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಹಿಡಿದು, ಹತ್ತು ನಿಮಿಷ ಮೆಲ್ಲಗೆ ಕಲಕಿದರು. ಕರಗುತ್ತಿರುವ ಶುದ್ಧವಾದ ಮಂಜುಗಡ್ಡೆಯ ಶಾಖ ಸೊನ್ನೆ ಡಿಗ್ರಿ. ಇದನ್ನು ಸಾಕ್ಷಿಯಾಗಿ ನಂಬಬಹುದು. ಕುದಿಯುವ ನೀರನ್ನು ಹೀಗೆ ನಂಬಲಾಗದು. ಈ ನಾಲ್ಕು ತಾಲ್ಲೂಕುಗಳೂ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ೧೦೦ ಡಿಗ್ರಿಯನ್ನು ಮುಟ್ಟದೆ ೯೭-೯೮ರಲ್ಲಿಯೇ ಕುದಿಯುವುದು. ಮಂಜುಗಡ್ಡೆಗೆ ಮಾತ್ರ ಎತ್ತರ ತಗ್ಗುಗಳ ಭೇದವಿಲ್ಲವೆಂದೇ ಹೇಳಬಹುದು. ಉಪ್ಪನ್ನು ಮಾತ್ರ ಸೇರಿಸಕೂಡದು. ಐಸ್‌ಕ್ರೀಮು ಮಾಡುವವರು ಉಪ್ಪು ಹಾಕುವುದು ಶಾಖವನ್ನು ಸೊನ್ನೆಯ ಕೆಳಗೆ ಇಳಿಸುವುದಕ್ಕಾಗಿಯೇ. ಹೀಗೆ ಮಾಡಿ ನೋಡಲು, ಸೊನ್ನೆ ತೋರಿಸಬೇಕಾಗಿದ್ದ ಪೆಟ್ಟಿಗೆಯು ಸೊನ್ನೆಗಿಂತ ೪ ಡಿಗ್ರಿ ಕೆಳಗೆ ತೋರಿಸಿತು. ಸುಳ್ಳು ಸಿಕ್ಕಿಬಿದ್ದಿತು.

ಮೂರನೆಯದು, ಸುಳ್ಳು ಹೇಳುತ್ತಿರುವುದು ಪೆಟ್ಟಿಗೆಯೋ ಸೂಚಿಯೋ ಎಂಬುದರ ನಿರ್ಣಯ. ವಿದ್ಯುತ್ತನ್ನು ಪೂರ್ತಿಯಾಗಿ ನಿಲ್ಲಿಸಿ, ಸೂಚಿಯ ತಂತಿಗಳನ್ನು ಪೆಟ್ಟಿಗೆಯಿಂದ ಬಿಡಿಸಿ, ಅವುಗಳ ಜಾಗದಲ್ಲಿ ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಅತ್ಯಲ್ಪ ಬೆಲೆಗೆ ದೊರೆಯುವ ೧೦ ಸಾವಿರ ಓಮಿನ ರೆಸಿಸ್ಟರ್ ಒಂದನ್ನು ಜೋಡಿಸಿ, ಮತ್ತೆ ವಿದ್ಯುತ್ತನ್ನು ಕೊಟ್ಟರು. ಪೆಟ್ಟಿಗೆಯು ೨೫ ಡಿಗ್ರಿಯೆಂದು ತೋರಿಸಿತು. ಅಂದರೆ ಅದರ ಲೆಕ್ಕ ಸರಿ, ತಪ್ಪು ಹೊರಗಿನದು. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದೆ ಬೆಲೆಬಾಳುವ ಪೆಟ್ಟಿಗೆಯನ್ನೇ ಬದಲಾಯಿಸಿ ಹಣ ಕಳೆದುಕೊಂಡವರು ಅನೇಕರುಂಟು.

ನಾಲ್ಕನೆಯದು, ಮಲ್ಟಿಮೀಟರಿನಿಂದ ತಡೆಯನ್ನು ಅಳೆಯುವುದು. ಸೂಚಿಯು ಮಂಜುಗಡ್ಡೆಯಲ್ಲಿರುವಾಗಲೇ ತಂತಿಯ ಪೆಟ್ಟಿಗೆಯ ಕಡೆಯ ತುದಿಯಲ್ಲಿ ಅಳೆದರೆ ೩೩ ಸಾವಿರ ಓಮ್ ಬಂದಿತು. ತಂತಿಯುದ್ದಕ್ಕೂ ಕೈಯಾಡಿಸುತ್ತ ಹೋದಾಗ, ತೊಟ್ಟಿಯ ಹಿಂದುಗಡೆ, ತೊಳೆಯುವ ನೀರು ದಿನವೂ ಚಿಮ್ಮುವ ಜಾಗದಲ್ಲಿ, ಎಂದೋ ಯಾರೋ ತಂತಿ ಸಾಲದೆ ಇನ್ನೊಂದು ತುಂಡನ್ನು ಹೊಸೆದು ಬರಿಯ ಅಂಟುಪಟ್ಟಿ ಸುತ್ತಿದ್ದ ಗಂಟೊಂದು ಕಂಡಿತು. ಬಿಚ್ಚಿದರೆ ಒಳಗೆ ತಾಮ್ರವು ಹಸುರು ಕಿಲುಬು ಹಿಡಿದು ಪುಡಿಯಾಗಿದ್ದಿತು. ಗಂಟಿನ ಈಚೆಗೆ, ಸೂಚಿಯ ಕಡೆಗೆ ಅಳೆದರೆ ಸರಿಯಾಗಿ ೨೭ ಸಾವಿರ! ಸೂಚಿಯೂ ನಿರಪರಾಧಿ, ಪೆಟ್ಟಿಗೆಯೂ ನಿರಪರಾಧಿ, ಹುಡುಗನೂ ನಿರಪರಾಧಿ. ನಡುವಿನ ಗಂಟಿನ ಕಿಲುಬು ಸುಮಾರು ೬ ಸಾವಿರ ಓಮಿನಷ್ಟು ತಡೆಯನ್ನು ಕದ್ದು ಸೇರಿಸುತ್ತಿದ್ದಿತು. ಹಾಲು ೧೧ ಡಿಗ್ರಿಯಲ್ಲಿರುವಾಗ ಕಾಳಿನ ತಡೆ ೧೭ ಸಾವಿರ. ಕಿಲುಬಿನದು ೬ ಸಾವಿರ. ಕೂಡಿದರೆ ೨೩ ಸಾವಿರ. ಪೆಟ್ಟಿಗೆಯು ೪ ಡಿಗ್ರಿಯಾಯಿತೆಂದು ಯಂತ್ರವನ್ನು ನಿಲ್ಲಿಸಿ ನೆಮ್ಮದಿಯಾಗಿದ್ದಿತು. ಹಾಲು ರಾತ್ರಿಯೆಲ್ಲ ಹುಳಿಯುತ್ತಿದ್ದಿತು.

ಈ ಸಮಯದಲ್ಲಿ ಅಲ್ಲಿದ್ದವರೊಬ್ಬರು ಒಂದು ಉಪಾಯವನ್ನು ಸೂಚಿಸಿದರು. ಪೆಟ್ಟಿಗೆಯೊಳಗೆ ಅಂಕಿಯನ್ನು ಮೇಲೆ ಕೆಳಗೆ ಸರಿಪಡಿಸುವ ಸೌಕರ್ಯವಿರುವುದಲ್ಲ. ೪ ಡಿಗ್ರಿಯನ್ನು ಕೂಡಿಸಿಬಿಟ್ಟರೆ ಸೊನ್ನೆಯು ಸೊನ್ನೆಯೇ ಆಗುವುದಲ್ಲ ಎಂದರು. ಇದು ಜಾಣತನದಂತೆ ತೋರುವ ದಡ್ಡತನ. ಕಿಲುಬಿನ ತಡೆ ಅಷ್ಟೇ ಇದ್ದರೂ ಅದರಿಂದಾಗುವ ತಪ್ಪು ಎಲ್ಲ ಶಾಖಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಸೊನ್ನೆಯಲ್ಲಿ ತಪ್ಪು ೪ ಡಿಗ್ರಿ, ೧೧ರಲ್ಲಿ ೭ ಡಿಗ್ರಿ, ೨೫ರಲ್ಲಿ ಸುಮಾರು ೧೨ ಡಿಗ್ರಿ, ೩೪ರಲ್ಲಿ ೧೬ ಡಿಗ್ರಿ. ಹುಡುಗನು ಕಂಡ ಹದಿನೆಂಟು ಇದೇ. ಮೇಲಾಗಿ ಕಿಲುಬು ಇಂದಿದ್ದಂತೆ ನಾಳೆ ಇರದು. ಅಂಕಿಯನ್ನು ತಿದ್ದುವ ಸೌಕರ್ಯವು ಹೊಸ ಸೂಚಿಯ ಅರ್ಧ ಡಿಗ್ರಿಯ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೆ ಉಂಟೇ ಹೊರತು, ರೋಗವನ್ನು ಮುಚ್ಚುವುದಕ್ಕಲ್ಲ. ನಮ್ಮ ಮಿತ್ರರು ಗಂಟನ್ನು ಕತ್ತರಿಸಿ ಬಿಸಾಡಿ, ಕೀಲಿಲ್ಲದ ಇಡೀ ತಂತಿಯುಳ್ಳ ಹೊಸ ಸೂಚಿಯನ್ನೇ ಹಾಕಿಸಿ, ಮತ್ತೆ ಮಂಜುಗಡ್ಡೆಯಲ್ಲಿ ಅದ್ದಿ, ಸೊನ್ನೆಯನ್ನು ಕಂಡ ಮೇಲೆಯೇ ಕೊಳವೆಯೊಳಗೆ ತೂರಿಸಿದರು.

ಹೊಸ ಸೂಚಿಯನ್ನು ಕೊಳ್ಳುವಾಗ ಒಂದು ಎಚ್ಚರಿಕೆಯುಂಟು. ಹೊರಗೆ ಒಂದೇ ರೂಪವಿದ್ದರೂ ಒಳಗಿನ ಜಾತಿ ಬೇರೆಯಾಗಿರಬಹುದು. ಪ್ಲಾಟಿನಮ್ಮಿನ ತಂತಿಯ ಒಂದು ಜಾತಿಯು ಸೊನ್ನೆಯಲ್ಲಿ ಕೇವಲ ೧ ಸಾವಿರ ಓಮ್ ತೋರಿಸುವುದು. ಇನ್ನೊಂದು ಜಾತಿ ೧೦೦ ಓಮ್. ಪೆಟ್ಟಿಗೆಯು ಯಾವ ಜಾತಿಯನ್ನು ನಿರೀಕ್ಷಿಸುವುದೋ ಅದನ್ನೇ ಹಾಕಬೇಕು. ಹಳೆಯದರ ಗುರುತನ್ನು ಬರೆದುಕೊಂಡು ಹೋಗಬೇಕು. ಪೆಟ್ಟಿಗೆಯೊಳಗೆ ಸೂಚಿಯ ತಂತಿಗಳ ಪಕ್ಕದಲ್ಲಿಯೇ ೨೩೦ ವೋಲ್ಟಿನ ತಂತಿಗಳೂ ಇರುವುದರಿಂದ, ಆ ಕೆಲಸವನ್ನು ಬಲ್ಲವರಿಂದಲೇ ಮಾಡಿಸತಕ್ಕುದು. ಉಷ್ಣಮಾಪಕ ಮತ್ತು ಮಂಜುಗಡ್ಡೆಯ ಪರೀಕ್ಷೆಗಳನ್ನಾದರೋ ಯಾರೂ ಮಾಡಬಹುದು.

ಇದಕ್ಕೆ ವಿರುದ್ಧವಾದ ಕೇಡೂ ಒಂದುಂಟು. ಸೂಚಿಯ ತುದಿಯೊಳಕ್ಕೆ ನೀರಿನ ಪಸೆ ಇಳಿದರೆ, ವಿದ್ಯುತ್ತು ಕಾಳನ್ನು ಬಿಟ್ಟು ಪಕ್ಕದ ತೇವದ ದಾರಿಯಲ್ಲಿಯೂ ಸ್ವಲ್ಪ ಹರಿಯುವುದು. ಆಗ ಒಟ್ಟು ತಡೆ ಕಡಮೆಯಾಗಿ, ಇರುವುದಕ್ಕಿಂತ ಬಿಸಿಯೆಂದು ಪೆಟ್ಟಿಗೆಯು ಭ್ರಮಿಸುವುದು. ತೇವದ ದಾರಿಯ ತಡೆ ಒಂದು ಲಕ್ಷ ಓಮ್ ಇದ್ದರೂ ಸಾಕು, ೪ ಡಿಗ್ರಿಯ ಹಾಲನ್ನು ೯ ಡಿಗ್ರಿಯೆಂದು ತೋರಿಸುವುದು. ಯಂತ್ರವು ನಿಲ್ಲದೆ ಓಡಿ, ಹಾಲನ್ನು ಸೊನ್ನೆಯ ಕೆಳಕ್ಕೆ ತಳ್ಳಿ, ತೊಟ್ಟಿಯ ಗೋಡೆಗೆ ಹೆಪ್ಪುಗಟ್ಟಿಸುವುದು. ವಿದ್ಯುತ್ತಿನ ಬಿಲ್ಲೂ ಏರುವುದು. ಸೂಚಿಯು ಕೊಳವೆಯಿಂದ ಜಾರಿ ಹೊರಗಿನ ಗಾಳಿಯಲ್ಲಿ ತೂಗಾಡುತ್ತಿದ್ದರೂ ಇದೇ ಫಲ. ಆದಕಾರಣ ಯಂತ್ರವು ಎಡೆಬಿಡದೆ ಓಡುತ್ತಿರುವುದೂ, ಬೇಗ ಬೇಗ ನಿಲ್ಲುವುದೂ, ಎರಡೂ ಸೂಚಿಯನ್ನು ಪರೀಕ್ಷಿಸಬೇಕೆಂಬುದಕ್ಕೆ ಕಾರಣಗಳು.

ಹೆಪ್ಪುಗಟ್ಟುವುದರಿಂದ ಹಾಲಿಗಿಂತ ದೊಡ್ಡ ನಷ್ಟವಾಗುವ ಸ್ಥಳವೊಂದುಂಟು. ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು ೨ರಿಂದ ೮ ಡಿಗ್ರಿಗಳ ನಡುವೆ ಕಾಪಾಡುವರು. ಅವುಗಳಲ್ಲಿ ಕಾಮಾಲೆಯ ಬಿ ಲಸಿಕೆ, ಧನುರ್ವಾಯುವಿನ ಲಸಿಕೆ ಮೊದಲಾದುವು ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಶಕ್ತಿಗುಂದುವುವು. ಆದುದರಿಂದಲೇ ಅಲ್ಲಿ ಯಂತ್ರದ ಅಂಕಿಯೊಂದನ್ನೇ ನಂಬದೆ, ಒಳಗೆ ಬೇರೆ ಉಷ್ಣಮಾಪಕವನ್ನಿಟ್ಟು ದಿನಕ್ಕೆರಡು ಸಲ ಓದಿ ಬರೆದಿಡುವ ಕಟ್ಟಳೆಯಿರುವುದು. ಈ ಕಟ್ಟಳೆಯನ್ನು ಹಾಲಿನ ಕೇಂದ್ರಗಳೂ, ಶಿರಾ ಮಧುಗಿರಿಗಳ ಪೇಟೆಯಲ್ಲಿ ತಂಪು ಪೆಟ್ಟಿಗೆಗಳನ್ನಿಟ್ಟಿರುವ ಅಂಗಡಿಕಾರರೂ ಅನುಸರಿಸಿದರೆ ನಷ್ಟವಿಲ್ಲ.

ನಮ್ಮ ಗೃಹಿಣಿಯರು ಮನೆಯ ಶೀತಪೆಟ್ಟಿಗೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ರಾತ್ರಿ ಮಲಗುವ ಮೊದಲು ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ನಡುವಣ ಅಂತಸ್ತಿನಲ್ಲಿರಿಸಿ, ಬೆಳಗ್ಗೆ ಬಾಗಿಲು ತೆರೆದೊಡನೆ ಓದಬೇಕು. ೪ ಅಥವಾ ೫ ಡಿಗ್ರಿ ಇದ್ದರೆ ಒಳ್ಳೆಯದು. ೮ನ್ನು ಮೀರಿದ್ದರೆ, ಹಾಲು ಬೇಗ ಕೆಟ್ಟಿತೆಂದು ಹಾಲಿನವಳ ಮೇಲೆ ರೇಗುವುದಕ್ಕೆ ಮುಂಚೆ ಪೆಟ್ಟಿಗೆಯ ಕಡೆಗೆ ನೋಡುವುದು ನ್ಯಾಯ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದರು. ಆ ಊರಿನ ಹಿರಿಯರು ಕೆಂಪಕ್ಷರದ ೪ನ್ನು ಪ್ರತ್ಯಕ್ಷವಾಗಿ ಕಂಡರು, ಪ್ರಮಾಣಿಸಲಿಲ್ಲ. ಯಂತ್ರವು ಸುಳ್ಳಾಡದೆಂದು ನಂಬಿದರು. ಬಡ ಹುಡುಗನು ಸುಳ್ಳಾಡುವನೆಂದು ಅಷ್ಟೇ ಸುಲಭವಾಗಿ ನಂಬಿದರು. ಅವರ ಕೋಪಕ್ಕೂ ಕಾರಣವಿದ್ದಿತು. ಸುರಿದುಹೋದ ಹಾಲು ಮತ್ತೆ ಬಾರದು. ಆದರೆ ಒಂದು ಉಷ್ಣಮಾಪಕದ ಬೆಲೆಯು ಒಂದು ಹೊತ್ತಿನ ಹಾಲಿನ ಬೆಲೆಯ ಬಳಿಗೂ ಬಾರದೆಂಬುದನ್ನು ಅವರು ನೆನೆಯಬೇಕಾಗಿದ್ದಿತು.

ನಾವು ಹೊರಡುವ ದಿನ ಆ ಹುಡುಗನು ಎಂದಿನಂತೆ ತೊಟ್ಟಿಯನ್ನು ತೊಳೆಯುತ್ತಿದ್ದನು. ಗೋಡೆಯ ಮೊಳೆಗೆ ಹೊಸದೊಂದು ಉಷ್ಣಮಾಪಕವೂ, ದಾರ ಕಟ್ಟಿದ ನೋಟುಬುಕ್ಕೂ ತೂಗಾಡುತ್ತಿದ್ದುವು. ಬೆಳಗ್ಗೆ ಒಂದು, ಸಂಜೆ ಒಂದು, ಪೆಟ್ಟಿಗೆಯ ಅಂಕಿ ಒಂದು ಕಡೆ, ಚೊಂಬಿನ ಹಾಲಿನ ಅಂಕಿ ಇನ್ನೊಂದು ಕಡೆ ಬರೆಯುವ ಕೆಲಸವನ್ನು ಹಿರಿಯರು ಅವನಿಗೇ ಒಪ್ಪಿಸಿದ್ದರು. ಪುಸ್ತಕವನ್ನು ತೆರೆದು ನೋಡಿದೆವು. ಮೊದಲ ಸಾಲಿನಲ್ಲಿ ಎರಡು ಕಡೆಯೂ ೪ ಎಂದು ದುಂಡಾಗಿ ಬರೆದಿದ್ದನು.